ಐದನೇ ಹಾಡು ಯಾವುದು, ಹೇಳಿ ನೋಡೋಣ

(1/5)
ಹೋದ ವಾರ ಸ್ಟೋರಿ ಹಾಕಿ "ನಿಮ್ಮ ಆಲ್ ಟೈಮ್ ಫೇವರಿಟ್ ಆಲ್ಬಮ್ ಐದು ಹೆಸರು ಕಳಿಸಿ" ಅಂತ ಕೇಳಿದ್ದೆ. ಕಳಿಸಿದ ಎಲ್ಲರಿಗೂ ಥ್ಯಾಂಕ್ಸ್. ಇನ್ನು ಬೈಯೋ ಕಾರ್ಯಕ್ರಮ ಶುರು.

ನೀವು ಕಳಿಸಿದ್ದು ಹಾಡುಗಳ ಪಟ್ಟಿ ಕಣ್ರೋ. ಪ್ರತಿ ಆಲ್ಬಮ್ ಹೆಸರಿನ ಹಿಂದೆ ಒಂದೇ ಒಂದು ಹಿಟ್ ಹಾಡು ಬಚ್ಚಿಟ್ಟುಕೊಂಡು ಕೂತಿದೆ. ಅತಿ ಹೆಚ್ಚು ಜನ ಬರೆದಿದ್ದು 'ಮುಂಗಾರು ಮಳೆ'. ಸರಿ, ಒಪ್ಪಿದೆ. 2006ರ ಕೊನೇಲಿ ಬಂದ ಸಿನಿಮಾ, ಮನೋಮೂರ್ತಿ ಸಂಗೀತ. ನಾವೆಲ್ಲ ಆಗ ತೊಟ್ಟಿಲಲ್ಲಿದ್ವಿ, ಆ ಮಳೇಲೇ ನೆಂದು ಬೆಳೆದ್ವಿ. ಆದ್ರೆ ಹಾಗೆ ಬರೆದವರಲ್ಲಿ ಇಬ್ಬರಿಗೆ ಫೋನ್ ಮಾಡಿ, ಸೋನು ನಿಗಮ್ ಹಾಡಿರೋ ಎರಡು ಬಿಟ್ಟು ಬೇರೆ ಯಾವ ಹಾಡಿದೆ ಅಂತ ಕೇಳಿದೆ. ಒಬ್ಬಳು ತುಂಬಾ ಯೋಚಿಸಿ ಒಂದು ಹೇಳಿದಳು. ಇನ್ನೊಬ್ಬ ನೆಟ್‌ವರ್ಕ್ ಇಲ್ಲ ಅಂತ ಕಟ್ ಮಾಡಿದ. ಕ್ಲಾಸಲ್ಲಿ ನನ್ನ ಹಿಂದಿನ ಬೆಂಚಲ್ಲೇ ಕೂರ್ತಾನೆ, ನಾಳೆ ಸಿಗ್ತಾನೆ ಬಿಡಿ.

ಅಕೌಂಟ್ಸಲ್ಲಿ ಗುಡ್‌ವಿಲ್ ಅಂತ ಒಂದಿದೆಯಲ್ಲ, ಕೈಗೆ ಸಿಗಲ್ಲ, ಕಣ್ಣಿಗೆ ಕಾಣಲ್ಲ, ಆದ್ರೂ ಬ್ಯಾಲೆನ್ಸ್ ಶೀಟಲ್ಲಿ ಆಸ್ತಿ ಅಂತ ಕೂತಿರುತ್ತೆ. ಹಿಟ್ ಹಾಡು ಇಡೀ ಆಲ್ಬಮ್‌ಗೆ ಕೊಡೋದು ಅದನ್ನೇ. ಉಳಿದ ಹಾಡುಗಳನ್ನ ನಾವು ಕೇಳೇ ಇರಲ್ಲ, ಆದ್ರೂ ಹತ್ತಕ್ಕೆ ಹತ್ತು ಮಾರ್ಕ್ಸ್.

(2/5)
ಹಾಗಾದ್ರೆ ಆಲ್ಬಮ್ ಅಂದ್ರೇನು?

ಎಲ್‌ಪಿ ರೆಕಾರ್ಡಲ್ಲಿ ಒಂದು ಬದಿಗೆ ಸುಮಾರು 20 ನಿಮಿಷ. ಅರವತ್ತು ನಿಮಿಷದ ಕ್ಯಾಸೆಟ್ಟಲ್ಲಿ ಒಂದು ಬದಿಗೆ 30. ಅಷ್ಟೇ ಜಾಗ. ಅದರಲ್ಲಿ ಯಾವುದು ಮೊದಲು, ಯಾವುದು ಆಮೇಲೆ, ಕ್ಯಾಸೆಟ್ ಮಗುಚೋ ಮುಂಚೆ ಯಾವ ಹಾಡಲ್ಲಿ ನಿಲ್ಲಿಸಬೇಕು ಅಂತ ಯಾರೋ ಕೂತು ಯೋಚನೆ ಮಾಡಿರ್ತಾರೆ. ನಾವು ಶಫಲ್ ಒತ್ತಿ ಅದನ್ನೆಲ್ಲ ಚಿತ್ರಾನ್ನ ಮಾಡ್ತೀವಿ. 2021ರಲ್ಲಿ ಅಡೆಲ್ ತನ್ನ '30' ಆಲ್ಬಮ್ ಬಿಟ್ಟಾಗ ಇದನ್ನೇ ಹೇಳಿ ಹಟ ಹಿಡಿದಳು. ಸ್ಪಾಟಿಫೈ ಕೊನೆಗೆ ಆಲ್ಬಮ್ ಪುಟದಲ್ಲಿ ತಾನಾಗೇ ಶಫಲ್ ಆಗೋ ಬಟನ್ ತೆಗೆದುಹಾಕ್ತು. ಒಬ್ಬ ಗಾಯಕಿ ಕೇಳಿದ್ದಕ್ಕೆ!

ನನ್ನ ಟೆಸ್ಟ್ ತುಂಬಾ ಸಿಂಪಲ್. ಆಲ್ಬಮ್‌ನಿಂದ ಒಂದು ಹಾಡು ಕಿತ್ತುಹಾಕಿ. ಉಳಿದವಕ್ಕೆ ನೋವಾಗುತ್ತಾ? ಆದ್ರೆ ಅದು ಆಲ್ಬಮ್. ಏನೂ ಆಗಲ್ವಾ? ಹಾಗಾದ್ರೆ ಅದು ಒಂದೇ ಕವರಲ್ಲಿ ಹಾಕಿಟ್ಟ ಬಿಡಿ ಸಾಮಾನು.

"ಸಿನಿಮಾ ಹಾಡು ಡೈರೆಕ್ಟರ್ ಹೇಳಿದ ಸನ್ನಿವೇಶಕ್ಕೆ ಮಾಡಿದ್ದು, ಅದು ಆಲ್ಬಮ್ ಹೇಗಾಗುತ್ತೆ" ಅಂತ ನಮ್ಮಲ್ಲಿ ಇಂಗ್ಲಿಷ್ ಮಾತ್ರ ಕೇಳೋ ಒಂದು ಬಣ ಇದೆ. ಅವರಿಗೆ 1987ರ 'ಪ್ರೇಮಲೋಕ' ಕೇಳಿಸಬೇಕು. ಸಾಹಿತ್ಯವೂ ಹಂಸಲೇಖ, ಸಂಗೀತವೂ ಹಂಸಲೇಖ. ಹುಡುಗ ಹುಡುಗಿ ಮಾತಾಡೋದು ಹಾಡಲ್ಲಿ, ಜಗಳ ಆಡೋದು ಹಾಡಲ್ಲಿ, ಕಥೆ ಮುಂದಕ್ಕೆ ಹೋಗೋದೂ ಹಾಡಲ್ಲೇ. ಕ್ಯಾಸೆಟ್ ಕೇಳಿದ್ರೆ ಅರ್ಧ ಸಿನಿಮಾ ನೋಡಿದ ಹಾಗೆ. ನಡುವಿನ ಒಂದು ಹಾಡು ತೆಗೆದು ನೋಡಿ, ಏನು ನಡೀತಿದೆ ಅಂತಾನೇ ಗೊತ್ತಾಗಲ್ಲ.

(3/5)
ಈಗ ಆ "ಆಲ್ ಟೈಮ್" ಅನ್ನೋ ಮಾತಿಗೆ ಬರೋಣ. ನನಗೆ ಜಾಸ್ತಿ ಸಿಟ್ಟು ಬರೋದು ಇದಕ್ಕೇ.

ರೋಲಿಂಗ್ ಸ್ಟೋನ್ ಪತ್ರಿಕೆ 2003ರಲ್ಲಿ 500 ಶ್ರೇಷ್ಠ ಆಲ್ಬಮ್‌ಗಳ ಪಟ್ಟಿ ಮಾಡ್ತು. ನಂಬರ್ ಒನ್, ಬೀಟಲ್ಸ್‌ನ 'ಸಾರ್ಜೆಂಟ್ ಪೆಪ್ಪರ್ಸ್'. 2020ರಲ್ಲಿ ಹೊಸದಾಗಿ ವೋಟ್ ಹಾಕಿಸಿದ್ರು. ಮಾರ್ವಿನ್ ಗೇಯ 'ವಾಟ್ಸ್ ಗೋಯಿಂಗ್ ಆನ್' ಒಂದನೇ ಜಾಗಕ್ಕೆ ಬಂತು, ಬೀಟಲ್ಸ್ ಆಲ್ಬಮ್ 24ಕ್ಕೆ ಇಳೀತು. ಒಂದು 1967ರದ್ದು, ಇನ್ನೊಂದು 1971ರದ್ದು. ಎರಡರಲ್ಲೂ ಒಂದು ಸ್ವರ ಕೂಡ ಬದಲಾಗಿರಲಿಲ್ಲ. ಬದಲಾಗಿದ್ದು ವೋಟ್ ಹಾಕೋರು.

ನಮ್ಮ ಪಟ್ಟೀಲಿ ವೋಟ್ ಹಾಕಿದವರು ಯಾರು? ಹದಿನೆಂಟರಿಂದ ಇಪ್ಪತ್ತೊಂದರೊಳಗಿನ ನಾವು. ಅದಕ್ಕೇ ನಮ್ಮ "ಆಲ್ ಟೈಮ್" ಶುರುವಾಗೋದೇ 2006ಕ್ಕೆ. ಅದಕ್ಕೆ ಮುಂಚೆ ಕನ್ನಡದಲ್ಲಿ ಯಾರೂ ಬಾಯೇ ಬಿಟ್ಟಿರಲಿಲ್ಲ ಅನ್ನೋ ಹಾಗೆ. "ನಾನು ಹುಟ್ಟಿದ ಮೇಲೆ ಬಂದ ಬೆಸ್ಟ್" ಅಂತ ಬರೀರಿ, ನನ್ನದೇನೂ ತಕರಾರಿಲ್ಲ.

(4/5)
ಇದು ಸ್ವಲ್ಪ ಉದ್ದ ಇದೆ, ಓದಿ.

ಗ್ರೂಪಲ್ಲಿ ಒಬ್ಬ ಸಿ. ಅಶ್ವತ್ಥರ ಶಿಶುನಾಳ ಶರೀಫ್ ಕ್ಯಾಸೆಟ್ ಅಂತ ಬರೆದ. ಹಾವೇರಿ ಕಡೆಯವನು, ಮನೇಲಿ ಅಪ್ಪ ಕೇಳ್ತಿದ್ದದ್ದಂತೆ. ಹದಿನಾಲ್ಕು ನಗೋ ಎಮೋಜಿ ಬಂತು. ಎಣಿಸಿದ್ದೀನಿ. "ಮಗಾ ಇದು ಸ್ಕೂಲ್ ಡೇ ಪಟ್ಟಿ ಅಲ್ಲ" ಅಂತ ಒಬ್ಬ. "ಅಜ್ಜಂಗೆ ನಮಸ್ಕಾರ" ಅಂತ ಇನ್ನೊಬ್ಬ. ಅವನು ಮೆಸೇಜ್ ಡಿಲೀಟ್ ಮಾಡಿ, ಯಾವುದೋ ಇಂಗ್ಲಿಷ್ ಆಲ್ಬಮ್ ಹೆಸರು ಹಾಕಿ ಸುಮ್ಮನಾದ.

ನಕ್ಕವರಲ್ಲಿ ಮೂರು ಜನ ತಮ್ಮ ಪಟ್ಟೀಲಿ ರಘು ದೀಕ್ಷಿತ್ 2008ರ ಆಲ್ಬಮ್ ಹಾಕಿದ್ರು. ಒಳ್ಳೇ ಆಯ್ಕೆ, ನನಗೂ ಇಷ್ಟ. ಆದ್ರೆ ಅದರಲ್ಲಿ ಗುಡುಗುಡಿ ಬಗ್ಗೆ ಒಂದು ಹಾಡಿದೆಯಲ್ಲ, ಅದು ಯಾರದ್ದು ಗೊತ್ತಾ? ಶರೀಫರದ್ದು! ಅದೇ ಶಿಶುನಾಳದ, 1819ರಲ್ಲಿ ಹುಟ್ಟಿ ಗೋವಿಂದ ಭಟ್ಟರ ಶಿಷ್ಯರಾದ ಶರೀಫರದ್ದು. ಗಿಟಾರ್ ಜೊತೆ ಬಂದ್ರೆ ಕೂಲ್, ಹಾರ್ಮೋನಿಯಂ ಜೊತೆ ಬಂದ್ರೆ ಅಜ್ಜಂದು. ನೀವು ಕೇಳ್ತಿರೋದು ಹಾಡನ್ನೋ, ಪಂಚೇನೋ?

ಸಿನಿಮಾ ಬಿಟ್ಟು ಕನ್ನಡದಲ್ಲಿ ಆಲ್ಬಮ್ ಅಂತ ಇದ್ರೆ ಅದು ಇಂಥ ಕ್ಯಾಸೆಟ್ಟುಗಳಲ್ಲೇ ಇರೋದು. 1978ರಲ್ಲಿ ನಿಸಾರ್ ಅಹಮದ್ ಕವಿತೆಗಳ 'ನಿತ್ಯೋತ್ಸವ' ಕ್ಯಾಸೆಟ್ ಬಂತು. ಮೈಸೂರು ಅನಂತಸ್ವಾಮಿ ಸಂಗೀತ. ಹೀರೋ ಇಲ್ಲ, ಪೋಸ್ಟರ್ ಇಲ್ಲ, ಫೈಟ್ ಇಲ್ಲ. ಒಬ್ಬ ಕವಿಯ ಪದ್ಯಗಳನ್ನ ಜನ ದುಡ್ಡು ಕೊಟ್ಟು ಮನೆಗೆ ತಂದು ಟೇಪ್ ರೆಕಾರ್ಡರ್‌ಗೆ ಹಾಕಿದ್ರು. 'ಮೈಸೂರ ಮಲ್ಲಿಗೆ' ನೋಡಿ. 1942ರಲ್ಲಿ ಬಂದ ಕೆ.ಎಸ್. ನರಸಿಂಹಸ್ವಾಮಿಯವರ ಪುಸ್ತಕ. ಐವತ್ತು ವರ್ಷ ಆದ್ಮೇಲೆ ಅಶ್ವತ್ಥರ ರಾಗದಲ್ಲಿ, ನಾಗಾಭರಣರ ಸಿನಿಮಾದಲ್ಲಿ ಮತ್ತೆ ಹುಟ್ಟಿತು. ಗಂಡ, ಹೆಂಡತಿ, ತವರುಮನೆ, ಮುನಿಸು, ಬಳೆಗಾರ, ಎಲ್ಲ ಒಂದೇ ಲೋಕದ್ದು. ಒಂದು ಹಾಡಿನ ಬಾಗಿಲು ತೆಗೆದ್ರೆ ಇನ್ನೊಂದು ಹಾಡಿನ ನಡುಮನೆಗೆ ಹೋಗ್ತೀರ. ಇದು ಕಾನ್ಸೆಪ್ಟ್ ಆಲ್ಬಮ್ ಅಲ್ಲದಿದ್ರೆ ಇನ್ಯಾವುದಪ್ಪಾ? ಇದನ್ನೇ ಲಂಡನ್ನಲ್ಲಿ ಯಾರಾದ್ರೂ ನಾಲ್ಕು ಜನ ಉದ್ದ ಕೂದಲು ಬಿಟ್ಟು ಮಾಡಿದ್ರೆ ನೀವು ಟೀ ಶರ್ಟ್ ಹಾಕ್ಕೊಂಡು ಓಡಾಡ್ತಿದ್ರಿ.

ಇಷ್ಟ ಆಗಲಿಲ್ಲ ಅನ್ನಿ, ಪರವಾಗಿಲ್ಲ. ಎಲ್ಲಾ ಭಾವಗೀತೆ ಕ್ಯಾಸೆಟ್ಟೂ ಚೆನ್ನಾಗಿತ್ತು ಅಂತ ನಾನೂ ಹೇಳಲ್ಲ, ಕೆಲವು ಕೇಳ್ತಾ ಕೇಳ್ತಾ ನಿದ್ದೆ ಬರುತ್ತೆ. ಆದ್ರೆ ಕೇಳದೇ ನಗೋದು ಬೇರೆ. ಅವತ್ತು ಅವನು ಡಿಲೀಟ್ ಮಾಡಿದ್ದು ಪಟ್ಟೀಲಿದ್ದ ಒಂದೇ ಒಂದು ನಿಜವಾದ ವೋಟ್. ಅವನೊಬ್ಬನೇ ಎಲ್ಲಾ ಹಾಡು ಕೇಳಿ ಬರೆದಿದ್ದ. ಉಳಿದವರಲ್ಲಿ ಅರ್ಧ ಜನ ಬರೆದಿದ್ದು "ನಾನು ಇಂಥದ್ದು ಕೇಳೋನು ಅಂತ ಎಲ್ಲರಿಗೂ ಗೊತ್ತಾಗಲಿ" ಅನ್ನೋ ಪಟ್ಟಿ.

(5/5)
"ಇದೆಲ್ಲ ಯಾಕೆ ಗುರು ಇಷ್ಟು ಸೀರಿಯಸ್ಸು, ಈಗ ಆಲ್ಬಮ್ಮೇ ಸತ್ತೋಗಿದೆ, ರೀಲ್ಸ್ ಕಾಲ" ಅಂತ ಕಾಮೆಂಟ್ ಬಂದಿದೆ.

ಸತ್ತಿಲ್ಲ. 2023ರಲ್ಲಿ 'ಸಪ್ತ ಸಾಗರದಾಚೆ ಎಲ್ಲೋ' ಎರಡು ಭಾಗವಾಗಿ ಬಂತಲ್ಲ, ಅದಕ್ಕೆ ಪಾರ್ಟ್ 1, ಪಾರ್ಟ್ 2 ಅಂತ ಹೆಸರಿಡಲಿಲ್ಲ. ಸೈಡ್ ಎ, ಸೈಡ್ ಬಿ ಅಂದ್ರು. ಕ್ಯಾಸೆಟ್ ಲೆಕ್ಕ. ಚರಣ್ ರಾಜ್ ಸಂಗೀತವನ್ನ ಎ ಮುಗಿಸಿ ಬಿ ಕೇಳಿದವರಿಗೆ ಗೊತ್ತು, ಮೊದಲ ಬದಿಯ ಪ್ರೀತಿ ಎರಡನೇ ಬದೀಲಿ ಹೇಗೆ ಹುಳಿಯಾಗುತ್ತೆ ಅಂತ. ರೀಲ್ಸಲ್ಲಿ ಮೂವತ್ತು ಸೆಕೆಂಡ್ ಕೇಳಿದವರಿಗೆ ಅದು ಬರೀ ಸಮುದ್ರದ ಸ್ಟೇಟಸ್ಸು.

ಇನ್ನೊಂದು ವಿಷ್ಯ. ನಮ್ಮ ಕಾಲೇಜಲ್ಲೇ ರೂಮಲ್ಲಿ ಕೂತು ಕನ್ನಡದಲ್ಲಿ ಹಾಡು ಬರೆದು ರೆಕಾರ್ಡ್ ಮಾಡೋರಿದ್ದಾರೆ. ಅವರು ಆರು ಹಾಡು ಮಾಡಿದ್ರೆ ನಾವು ಕೇಳೋದು ಮೊದಲನೇದರ ಕೋರಸ್ ಮಾತ್ರ. ಮುಂದಿನ ಸಲ ಅವರು ಕೋರಸ್ ಮಾತ್ರ ಮಾಡ್ತಾರೆ. ಐದನೇ ಹಾಡು, ಯಾರೂ ಕೇಳಲ್ಲ ಅನ್ನೋ ಧೈರ್ಯದಲ್ಲಿ ಮನಸ್ಸಲ್ಲಿರೋದನ್ನೆಲ್ಲ ಹೇಳ್ಕೊಳ್ಳೋ ಹಾಡು, ಅದನ್ನ ಬರೆಯೋದೇ ಬಿಟ್ಟುಬಿಡ್ತಾರೆ.

ಸರಿ, ಮತ್ತೆ ಪಟ್ಟಿ ಮಾಡೋಣ. ಪೂರ್ತಿ ಕೇಳಿರೋ ಆಲ್ಬಮ್ ಮಾತ್ರ. ಐದಿಲ್ಲದಿದ್ರೆ ಒಂದೇ ಕಳಿಸಿ. ನಗೋ ಎಮೋಜಿ ಹಾಕಿದವರ ವೋಟ್ ರದ್ದು. ಹಾವೇರಿಯವನೇ, ನಿನ್ನ ಮೆಸೇಜ್ ಸ್ಕ್ರೀನ್‌ಶಾಟ್ ನನ್ನ ಹತ್ರ ಇದೆ, ನಿನ್ನ ವೋಟ್ ಆಗಲೇ ಎಣಿಸಿದ್ದೀನಿ.

ನನ್ನ ವೋಟ್ 1997ರ 'ನಾಗಮಂಡಲ'ಕ್ಕೆ. ಗೋಪಾಲ ಯಾಜ್ಞಿಕ್ ಸಾಹಿತ್ಯ, ಅಶ್ವತ್ಥರ ಸಂಗೀತ. ಬೀಗ ಹಾಕಿದ ಮನೇಲಿ ಒಬ್ಬಳೇ ಇರೋ ಹುಡುಗಿ ಕಂಬದ ಗೊಂಬೆ ಜೊತೆ ಮಾತಾಡೋದನ್ನ ಸಂಗೀತಾ ಕಟ್ಟಿ ದನೀಲಿ, ರಾತ್ರಿ ಲೈಟ್ ಆರಿಸಿ ಕೇಳಿ. ಆಮೇಲೆ ಜಗಳಕ್ಕೆ ಬನ್ನಿ. ಕಾಮೆಂಟ್ ಭಾನುವಾರದವರೆಗೆ ಓಪನ್.

#ಆಲ್ಬಮ್_ಜಗಳ #ಐದನೇ_ಹಾಡು #ಶಫಲ್_ಬಂದ್_ಮಾಡಿ