ಒಂದು ಸರ್ವರಿಗೆ ಒಂದೇ ಯಜಮಾನಿಕೆ

ಅಳಿವೆಯ ನೀರಿಗೆ ಹೊಂದಿಕೊಂಡಿರುವ ಮಂಗಳೂರಿನ ಬೋಳಾರದಂತಹ ಬಡಾವಣೆಯಲ್ಲಿ ಆಸ್ಪತ್ರೆಯೋ ಕಾಲೇಜೋ ಸಹಕಾರಿ ಸಂಘವೋ ಸ್ವಂತ ಸರ್ವರ್‌ಗಳನ್ನು ಇಟ್ಟುಕೊಳ್ಳುವುದಾದರೆ, ಉಪ್ಪಿನಂಶದ ತೇವಗಾಳಿಯನ್ನೂ ಮಳೆಗಾಲದ ವಿದ್ಯುತ್ ಕಡಿತವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕಾಗುತ್ತದೆ. ಫ್ಯಾನಿನ ವೇಗ, ಒಳಗಿನ ಉಷ್ಣತೆಗಳನ್ನು ದೂರದಿಂದಲೇ ಗಮನಿಸುವ, ನಿಂತುಹೋದ ಯಂತ್ರವನ್ನು ಮತ್ತೆ ಚಾಲೂ ಮಾಡುವ ಮುಕ್ತ ತಂತ್ರಾಂಶಗಳು ಹಲವಿದ್ದು, ಒಂದರ ಕೆಲಸವನ್ನು ಇನ್ನೊಂದೂ ಮಾಡುವುದರಿಂದ ಆಯ್ಕೆ ಗೋಜಲಾಗಿದೆ. ಸೌಲಭ್ಯಗಳ ಪಟ್ಟಿಗಳನ್ನು ಹೋಲಿಸುವುದರಿಂದ ಇದು ಬಗೆಹರಿಯದು. ಯಂತ್ರದ ಮೇಲಿನ ಅಧಿಕಾರ ಯಾವ ಸಾಧನದ್ದು, ಆ ಸಾಧನವನ್ನು ಪೋಷಿಸುತ್ತಿರುವವರು ಯಾರು ಎಂಬುದೇ ಮೊದಲ ಪ್ರಶ್ನೆಯಾಗಬೇಕು.

ಮುಖ್ಯ ಯಂತ್ರ ಆರಿದ್ದಾಗಲೂ ಎಚ್ಚರವಾಗಿದ್ದು ಆಜ್ಞೆ ಪಡೆಯುವ, ಬಿಎಂಸಿ ಎಂದು ಕರೆಯಲಾಗುವ ಪುಟ್ಟ ಗಣಕವೊಂದು ಬಹುತೇಕ ಸರ್ವರ್‌ಗಳ ಫಲಕದ ಮೇಲಿರುತ್ತದೆ. ಅದರೊಂದಿಗೆ ಮಾತನಾಡಲು 1998ರಲ್ಲಿ ರೂಪುಗೊಂಡ ಐಪಿಎಂಐ ಎಂಬ ನಿಯಮಾವಳಿ ಇಂದಿಗೂ ಬಳಕೆಯಲ್ಲಿದೆಯಾದರೂ, ಅದರ ಎರಡನೆಯ ಆವೃತ್ತಿಯು ಲಾಗಿನ್ ಪೂರ್ಣಗೊಳ್ಳುವ ಮೊದಲೇ ಪಾಸ್‌ವರ್ಡಿನ ಗೂಢರೂಪವನ್ನು ಎದುರಿನವರಿಗೆ ಕೊಟ್ಟುಬಿಡುತ್ತದೆ ಎಂಬುದು 2013ರಲ್ಲಿ ಬಯಲಾಯಿತು. ದೋಷ ನಿಯಮಾವಳಿಯಲ್ಲಿಯೇ ಇರುವುದರಿಂದ ತೇಪೆ ಹಾಕಿ ಸರಿಪಡಿಸುವಂತಿಲ್ಲ. ಡಿಎಂಟಿಎಫ್ ಸಂಸ್ಥೆ 2015ರಲ್ಲಿ ಹೊರತಂದ ರೆಡ್‌ಫಿಶ್ ಮಾನದಂಡವು ಜಾಲತಾಣಗಳು ಬಳಸುವ ಸುರಕ್ಷಿತ ಸಂಪರ್ಕದ ಮೂಲಕವೇ ಸಾಗುವುದರಿಂದ, ಹೊಸದಾಗಿ ಆರಂಭಿಸುವವರು ಅದನ್ನು ಬಿಟ್ಟು ಹಳೆಯದನ್ನು ಆರಿಸಲು ಕಾರಣವೇ ಇಲ್ಲ.

ನಿಜವಾದ ಘರ್ಷಣೆ ಇದರ ಮೇಲಿನ ಹಂತದಲ್ಲಿದೆ. ಕೆನಾನಿಕಲ್ ಕಂಪನಿಯ ಮಾಸ್, ರೆಡ್ ಹ್ಯಾಟ್ ಬೆಂಬಲದ ಫೋರ್‌ಮನ್, ಓಪನ್‌ಸ್ಟ್ಯಾಕ್ ಎಂಬ ಕ್ಲೌಡ್ ತಂತ್ರಾಂಶದ ಐರಾನಿಕ್ ಇವೆಲ್ಲವೂ ಬರಿಯ ಯಂತ್ರಕ್ಕೆ ನೆಟ್‌ವರ್ಕ್ ಮೂಲಕ ಕಾರ್ಯಾಚರಣಾ ವ್ಯವಸ್ಥೆಯನ್ನು ತುಂಬುತ್ತವೆ. ಅದಕ್ಕಾಗಿ ಯಂತ್ರಗಳಿಗೆ ವಿಳಾಸ ಹಂಚುವ ಡಿಎಚ್‌ಸಿಪಿ ಸೇವೆಯ ಮೇಲೆ ಸಾಮಾನ್ಯವಾಗಿ ಇವುಗಳಿಗೆ ಹಿಡಿತ ಬೇಕಾಗುವುದರಿಂದ, ಒಂದೇ ಜಾಲದಲ್ಲಿ ಎರಡನ್ನು ನಡೆಸಿದರೆ ಯಾವ ಸಾಧನದ ಉತ್ತರ ಯಂತ್ರವನ್ನು ಮೊದಲು ತಲುಪುತ್ತದೆ ಎಂಬುದು ಅದೃಷ್ಟದ ಮಾತಾಗುತ್ತದೆ. ಐರಾನಿಕ್ ತನ್ನ ದಾಖಲೆಯಲ್ಲಿ ಆರಿದೆ ಎಂದಿರುವ ಯಂತ್ರವನ್ನು ಬೇರೊಂದು ಸಾಧನ ಚಾಲೂ ಮಾಡಿದರೆ, ಮೂಲ ಸಂಯೋಜನೆಯನ್ನು ಬದಲಿಸದಿದ್ದಲ್ಲಿ, ಅದನ್ನು ಮರಳಿ ಆರಿಸಿಬಿಡುತ್ತದೆ. ಆಸ್ಪತ್ರೆಯ ದಾಖಲೆಗಳಿರುವ ಸರ್ವರಿಗೆ ಹೀಗಾದರೆ ಪರಿಣಾಮ ಏನೆಂದು ವಿವರಿಸಬೇಕಿಲ್ಲ.

ಪೋಷಣೆಯ ಪ್ರಶ್ನೆಯೂ ಇಷ್ಟೇ ಗಂಭೀರ. ಬೃಹತ್ ಗಣಕಸಮೂಹಗಳಲ್ಲಿ ಎರಡು ದಶಕಕ್ಕೂ ಹೆಚ್ಚು ಕಾಲ ದುಡಿದ, ಐಬಿಎಂನಲ್ಲಿ ಹುಟ್ಟಿದ ಎಕ್ಸ್‌ಕ್ಯಾಟ್ ಯೋಜನೆಯಿಂದ ಅದರ ಮುಖ್ಯ ತಂಡ 2023ರಲ್ಲಿ ಹಿಂದೆ ಸರಿಯಿತು. ಬಳಕೆದಾರರೇ ಒಕ್ಕೂಟ ಕಟ್ಟಿಕೊಂಡು ಅದನ್ನು ಉಳಿಸಿಕೊಳ್ಳಬೇಕಾಯಿತು. ಮೂಲ ಸಂಕೇತ ಮುಕ್ತವಾಗಿದ್ದುದರಿಂದಲೇ ಇದು ಸಾಧ್ಯವಾಯಿತು ಎಂಬುದು ಮೆಚ್ಚತಕ್ಕ ಸಂಗತಿ. ಆದರೆ ಒಬ್ಬಿಬ್ಬರು ತಂತ್ರಜ್ಞರಿರುವ ಸಂಸ್ಥೆಗೆ ಅಂತಹ ಹೊರೆ ಹೊರುವ ಶಕ್ತಿ ಇರುವುದಿಲ್ಲ.

ಹತ್ತಿಪ್ಪತ್ತು ಸರ್ವರ್‌ಗಳಷ್ಟೇ ಇರುವಲ್ಲಿ ರೆಡ್‌ಫಿಶ್ ಅರಿತ ಆನ್ಸಿಬಲ್‌ನಂತಹ ಸ್ವಯಂಚಾಲನಾ ಸಾಧನವೊಂದೇ ಬಹುಪಾಲು ಸಾಕು. ಯಂತ್ರಗಳನ್ನು ಪದೇಪದೇ ಹೊಸದಾಗಿ ಸಜ್ಜುಗೊಳಿಸಬೇಕಾದಲ್ಲಿ ಉಬುಂಟು ಬಳಸುವವರಿಗೆ ಮಾಸ್, ರೆಡ್ ಹ್ಯಾಟ್ ಬಳಗದವರಿಗೆ ಫೋರ್‌ಮನ್ ಹೊಂದುತ್ತದೆ. ಓಪನ್‌ಸ್ಟ್ಯಾಕ್ ಇಲ್ಲದ ಸಣ್ಣ ಸಂಸ್ಥೆ ಐರಾನಿಕ್‌ನ ಗೊಡವೆಗೆ ಹೋಗದಿರುವುದೇ ಲೇಸು. ಕೇಂದ್ರ ಸರ್ಕಾರದ 2015ರ ನೀತಿ ಸರ್ಕಾರಿ ಕಚೇರಿಗಳಲ್ಲಿ ಮುಕ್ತ ತಂತ್ರಾಂಶಕ್ಕೆ ಆದ್ಯತೆ ಕೊಡುವಂತೆ ಹೇಳುತ್ತದೆ, ಆದರೆ ಖರೀದಿಸಿದ ಯಂತ್ರವೇ ಮುಕ್ತ ಮಾನದಂಡಕ್ಕೆ ಓಗೊಡದಿದ್ದರೆ ಆ ಆದ್ಯತೆ ಕಾಗದದಲ್ಲಿಯೇ ಉಳಿಯುತ್ತದೆ. ಕರಾವಳಿಯ ಸಂಸ್ಥೆಗಳು ಮುಂದಿನ ಟೆಂಡರಿನಲ್ಲಿ ರೆಡ್‌ಫಿಶ್ ಬೆಂಬಲವನ್ನು ಕಡ್ಡಾಯ ಷರತ್ತಾಗಿ ಸೇರಿಸಲಿ.