ಮುತ್ತಿನ ಹೊಳಪು: ನೀರಿನದೋ, ಪೀಪಾಯಿಯದೋ?

ಅರಿಸಿನ ಬೆಳೆಯುವ ರೈತನಿಗೆ ಪಾಲಿಷಿನ ಗುಟ್ಟನ್ನು ಹೇಳಿಕೊಡಬೇಕಾಗಿಲ್ಲ. ಬೇಯಿಸಿ ಒಣಗಿಸಿದ ಕೊಂಬನ್ನು ಪೀಪಾಯಿಗೆ ಹಾಕಿ ತಿರುಗಿಸಿದರೆ ಸಿಪ್ಪೆ ಉದುರಿ ಹೊಳಪು ಬರುವುದು. ಇದರಲ್ಲಿ ಮೋಸವಿಲ್ಲ. ಆದರೆ ಹುರುಳಿಲ್ಲದ ಕೊಂಬಿಗೆ ಬಣ್ಣ ಬಳಿದು ಮಾರಿದರೆ ಅದು ಮೋಸವೇ ಸರಿ. ಸಾಕಿದ ಮುತ್ತಿಗೂ ಇದೇ ನ್ಯಾಯ ಸಲ್ಲಬೇಕೆಂದು ನಮ್ಮ ಅಭಿಪ್ರಾಯ.

ಮುತ್ತು ಈಗ ಅರಮನೆಯ ಮಾತಾಗಿ ಉಳಿದಿಲ್ಲ. ಹೊಂಡದಲ್ಲಿ ಕಪ್ಪೆಚಿಪ್ಪು ಸಾಕಿ ಮುತ್ತು ಬೆಳೆಯುವ ವಿದ್ಯೆಯನ್ನು ಭುವನೇಶ್ವರದ ಕೇಂದ್ರೀಯ ಸಿಹಿನೀರು ಜಲಕೃಷಿ ಸಂಸ್ಥೆಯು ರೈತರಿಗೆ ಕಲಿಸುತ್ತಿದೆ. ಈ ಕಸುಬಿಗೆ ಕೈಹಾಕುವವರು ಹೊಳಪಿನ ಮರ್ಮವನ್ನು ಮೊದಲೇ ಅರಿತಿರಬೇಕು.

ಜಪಾನಿನ ಮಿಕಿಮೊಟೊ ಕೊಕಿಚಿ ಎಂಬವರು ೧೮೯೩ರಲ್ಲಿ ಅರೆಮುತ್ತನ್ನು ಬೆಳೆದು ತೋರಿಸಿದರು. ಇಂದು ಆ ದೇಶದ ಅಕೋಯಾ ಮುತ್ತುಗಳಲ್ಲಿ ಹೆಚ್ಚಿನವು ಚಿಪ್ಪಿನಿಂದ ಹೊರಬಂದ ಮೇಲೆ ಅನೇಕ ಸಂಸ್ಕಾರಗಳನ್ನು ಹೊಂದುತ್ತವೆ. ಮೊದಲು ಮೆಥನಾಲಿನಂಥ ದ್ರವದಲ್ಲಿಟ್ಟು ಬೆಚ್ಚಗೆ ಮಾಡಿ ಕೊಳೆ ತೆಗೆದು ಕಾಂತಿ ಹೆಚ್ಚಿಸುವರು. ಇದಕ್ಕೆ ‘ಮಯೆಶೊರಿ’ ಎಂದು ಹೆಸರು. ಬಳಿಕ ಹೈಡ್ರೋಜನ್ ಪೆರಾಕ್ಸೈಡಿನಲ್ಲಿ ಬಿಳುಪು ಮಾಡುವರು. ಕೆಲವಕ್ಕೆ ನಸುಗೆಂಪು ಬಣ್ಣ ಕೊಡುವರು. ಕೊನೆಗೆ ಅಕ್ರೋಟಿನ ಚಿಪ್ಪಿನ ಪುಡಿ, ಬಿದಿರಿನ ಚೂರು, ಮೇಣ ಮೊದಲಾದವುಗಳೊಡನೆ ಪೀಪಾಯಿಯಲ್ಲಿ ಉರುಳಿಸುವರು.

ಇವೆಲ್ಲ ಇದ್ದ ಹೊಳಪನ್ನು ಎತ್ತಿ ತೋರಿಸಬಲ್ಲವೇ ಹೊರತು ಇಲ್ಲದ ಹೊಳಪನ್ನು ಹುಟ್ಟಿಸಲಾರವು. ಮುತ್ತಿನ ನಿಜವಾದ ಕಾಂತಿ ಸುಣ್ಣದಂಶದ ಪದರಗಳಿಂದ ಬರುವುದು. ಒಂದೊಂದು ಪದರವೂ ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿಗಿಂತ ತೆಳುವು. ಅವು ಒಂದರ ಮೇಲೊಂದು ಕೂಡಲು ಕಾಲವೇ ಬೇಕು. ಹಣದ ಆತುರದಿಂದ ಚಿಪ್ಪನ್ನು ಬೇಗ ತೆರೆದರೆ ಒಳಗಿನ ಮಣಿಯ ಮೇಲೆ ತೆಳುಪೊರೆ ಮಾತ್ರ ಇರುತ್ತದೆ. ಅಂಥ ಮುತ್ತಿಗೆ ಅತಿಯಾಗಿ ಬಿಳುಪು ಮಾಡಿದರೆ ಪೊರೆಯೇ ಪೆಡಸಾಗುವುದು. ಹಚ್ಚಿದ ಮೇಣವಂತೂ ಬೆವರಿಗೂ ಉಜ್ಜಾಟಕ್ಕೂ ಸವೆದುಹೋಗುವುದು.

ತೆಲಂಗಾಣದ ಪಶ್ಚಿಮ ಭಾಗದ ನಮ್ಮ ಕನ್ನಡಿಗರು ಮದುವೆಗೆ ಮುತ್ತು ತರಲು ಹೈದರಾಬಾದಿಗೆ ಹೋಗುವುದುಂಟು. ಅವರಿಗೆ ಒಂದು ಮಾತು: ಸರದ ದಾರವನ್ನು ಸರಿಸಿ ತೂತಿನ ಬಾಯಿಯನ್ನು ಭೂತಗನ್ನಡಿಯಲ್ಲಿ ನೋಡಿರಿ. ಪೊರೆಯ ದಪ್ಪ ಅಲ್ಲಿ ತಿಳಿಯುವುದು. ಬಣ್ಣ ಹಾಕಿದ್ದರೆ ಎಷ್ಟೋ ವೇಳೆ ಅಲ್ಲಿಯೇ ಗಟ್ಟಿಯಾಗಿ ನಿಂತಿರುವುದು. ಬಣ್ಣ ಹಾಕಿದೆಯೋ ಇಲ್ಲವೋ ಎಂದು ಕೇಳಿ ರಶೀದಿಯಲ್ಲಿ ಬರೆಯಿಸಿಕೊಳ್ಳಿರಿ.

ಸಂಸ್ಕಾರ ತಪ್ಪಲ್ಲ, ಅದನ್ನು ಮುಚ್ಚಿಡುವುದು ತಪ್ಪು. ಸಾಲ ಮಾಡಿ ಮಗಳ ಕೊರಳಿಗೆ ಮುತ್ತು ಹಾಕುವ ತಾಯಿಗೆ ತಾನು ಕೊಂಡದ್ದೇನೆಂದು ತಿಳಿಯುವ ಹಕ್ಕಿದೆ. ಬೆಳೆಯುವ ರೈತನಾದರೂ ಪೀಪಾಯಿಯನ್ನು ನಂಬದೆ ನೀರನ್ನು ನಂಬಲಿ. ಕಾಯುವ ತಾಳ್ಮೆಯುಳ್ಳವನಿಗೆ ಮಾತ್ರ ಈ ಬೆಳೆ ಒಲಿಯುವುದು.