ಬೋರ್ಡಿಗೆ ಬಂದ ಕನ್ನಡದ ಮೂಳೆ ಮುರಿಯಬೇಡಿ!



ಬೆಂಗಳೂರಿನ ಯಾವ ದೊಡ್ಡ ರಸ್ತೆಯಲ್ಲಾದರೂ ಒಮ್ಮೆ ತಲೆ ಎತ್ತಿ ನಡೆಯಿರಿ. ಬೋರ್ಡುಗಳ ಮೇಲೆ ಕನ್ನಡ ಕಾಣುತ್ತದೆ. ಇದು ಯಾರೋ ದಾನ ಕೊಟ್ಟದ್ದಲ್ಲ. 2023ರ ಡಿಸೆಂಬರ್ 27ರಂದು ಕನ್ನಡದ ಕಾರ್ಯಕರ್ತರು ಇದೇ ಊರಿನ ಬೀದಿಗಿಳಿದರು, ಪೊಲೀಸ್ ವ್ಯಾನು ಹತ್ತಿದರು, ಜೈಲು ಕಂಡರು. 2024ರ ಫೆಬ್ರವರಿಯಲ್ಲಿ ವಿಧಾನಮಂಡಲ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಯ ತಿದ್ದುಪಡಿಗೆ ಒಪ್ಪಿಗೆ ಕೊಟ್ಟಿತು. ನಾಮಫಲಕದಲ್ಲಿ ಶೇ. 60ರಷ್ಟು ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲೇ ಇರಬೇಕು ಎಂದಾಯಿತು. ಬೀದಿಯ ಕೂಗು ಕಾನೂನಿನ ಸಾಲಾಯಿತು.

ಈಗ ಇನ್ನೊಂದು ಸಲ ತಲೆ ಎತ್ತಿ ನೋಡಿ. ಆ ಶೇ. 60ರ ಜಾಗದಲ್ಲಿ ಕೂತಿರುವುದು ಎಂಥ ಕನ್ನಡ?

‘ವಸ್ತ್ರಾಲಯ’ದ ಒತ್ತುಗಳು ಕಳಚಿ ಪಕ್ಕಕ್ಕೆ ಬಿದ್ದಿವೆ. ‘ಧನಲಕ್ಷ್ಮಿ’ಯ ಹೊಟ್ಟೆ ಸೀಳು ಮಾಯವಾಗಿ, ಪಾಪ, ಆಕೆ ‘ದನಲಕ್ಷ್ಮಿ’ಯಾಗಿದ್ದಾಳೆ! ಶೇ. 60ರ ಲೆಕ್ಕ ತುಂಬಿಸಲು ಅಕ್ಷರಗಳನ್ನು ಹಿಡಿದು ಎಳೆದಿದ್ದಾರೆ, ರೊಟ್ಟಿ ತಟ್ಟಿದ ಹಾಗೆ. ಅದರ ಕೆಳಗೆ ಇಂಗ್ಲಿಷ್ ಮಾತ್ರ ಅಳತೆ ತಪ್ಪದೆ, ಅಂದವಾಗಿ, ಮದುವಣಗಿತ್ತಿಯ ಹಾಗೆ ನಿಂತಿದೆ. ಕನ್ನಡವನ್ನು ದಂಡಕ್ಕೆ ಹೆದರಿ ಹಾಕಿದ್ದೇವೆ, ಇಂಗ್ಲಿಷನ್ನು ಪ್ರೀತಿಯಿಂದ ಹಾಕಿದ್ದೇವೆ ಎಂದು ಬೋರ್ಡೇ ಸಾರಿ ಹೇಳುತ್ತದೆ.

ಇದಕ್ಕೆ ಯಾರ ವಿರುದ್ಧ ಧಿಕ್ಕಾರ ಕೂಗೋಣ? ಮಾಲೀಕ ಪರಭಾಷಿಕನಾಗಿರಬಹುದು, ಅವನಿಗೆ ಕನ್ನಡ ಓದಲು ಬಾರದಿರಬಹುದು. ಆದರೆ ಆ ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಕೂರಿಸಿದವರು ಯಾರು? ಡಿಟಿಪಿ ಸೆಂಟರಿನಲ್ಲಿ, ಫ್ಲೆಕ್ಸ್ ಪ್ರಿಂಟಿನ ಅಂಗಡಿಯಲ್ಲಿ, ಜಾಹೀರಾತು ಕಂಪನಿಯಲ್ಲಿ ಮೌಸ್ ಹಿಡಿದು ಕೂತವರು ಬಹುಪಾಲು ನಮ್ಮವರೇ. ನೀವು, ನಿಮ್ಮ ತಮ್ಮ, ನಿಮ್ಮ ಕಾಲೇಜಿನ ಗೆಳತಿ. ರಾಜ್ಯೋತ್ಸವದ ಬ್ಯಾನರಿನಲ್ಲೂ, ಸಂಘಟನೆಗಳ ಪೋಸ್ಟರಿನಲ್ಲೂ ಇದೇ ಅವಾಂತರ. ಹೊರಗಿನವರು ಮಾಡಿದರೆ ದಬ್ಬಾಳಿಕೆ ಎನ್ನುತ್ತೇವೆ. ನಾವೇ ಮಾಡಿದರೆ ಅದಕ್ಕೆ ಏನೆನ್ನಬೇಕು?

ಕಾನೂನು ಕನ್ನಡಕ್ಕೆ ಜಾಗ ಕೊಡಿಸಬಲ್ಲದು. ಮರ್ಯಾದೆ ಕೊಡಬೇಕಾದದ್ದು ಮೌಸ್ ಹಿಡಿದ ಕೈ. ಆ ಕೈ ನಿಮ್ಮದು. ಅದಕ್ಕೇ ಈ ವಾರ ಘೋಷಣೆ ಬದಿಗಿಟ್ಟು ಕಸುಬಿನ ಮಾತಾಡುತ್ತಿದ್ದೇವೆ.

ಒತ್ತು ಯಾಕೆ ಉದುರುತ್ತದೆ?

ಥಾಮಸ್ ನೋಲ್ ಮತ್ತು ಜಾನ್ ನೋಲ್ ಎಂಬ ಅಣ್ಣತಮ್ಮಂದಿರು ಕಟ್ಟಿದ ಫೋಟೋಶಾಪ್ ಪೇಟೆಗೆ ಬಂದದ್ದು 1990ರಲ್ಲಿ. ಕೋರೆಲ್‌ಡ್ರಾ ಅದಕ್ಕೂ ಒಂದು ವರ್ಷ ಮೊದಲು. ಎರಡೂ ಇಂಗ್ಲಿಷ್ ಅಕ್ಷರವನ್ನು ಕಣ್ಣಮುಂದಿಟ್ಟುಕೊಂಡು ಹುಟ್ಟಿದವು. ಇಂಗ್ಲಿಷ್ ಅಕ್ಷರಗಳು ರೇಷನ್ ಅಂಗಡಿಯ ಕ್ಯೂನಂತೆ ಒಂದರ ಪಕ್ಕ ಒಂದು ನಿಲ್ಲುತ್ತವೆ. ನಮ್ಮದು ಹಾಗಲ್ಲ. ನಡುವೆ ಅಕ್ಷರದ ಮೈ, ಮೇಲೆ ತಲೆಕಟ್ಟು ಅಥವಾ ಗುಡಿಸು, ಪಕ್ಕದಲ್ಲಿ ಕೊಂಬು, ಕೆಳಗೆ ಒತ್ತು. ಇವೆಲ್ಲ ಸೇರಿ ಒಂದು ಅಕ್ಷರ. ಒಂದು ಮನೆಯಂತೆ.

ಆಗಿನ ಕಂಪ್ಯೂಟರಿಗೆ ಈ ಮನೆ ಕಟ್ಟಲು ಬರುತ್ತಿರಲಿಲ್ಲ. ಅದಕ್ಕೆ ನಮ್ಮವರು ಉಪಾಯ ಹುಡುಕಿದರು. ಅಕ್ಷರವನ್ನು ತುಂಡು ತುಂಡು ಮಾಡಿ, ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿ, ಫಾಂಟ್ ಮಾಡಿದರು. ಕೆ.ಪಿ. ರಾವ್ ಅವರು ಕೀಲಿಮಣೆಯ ವಿನ್ಯಾಸ ಕೊಟ್ಟರು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂತು. ಕಂಪ್ಯೂಟರಿನಲ್ಲಿ ಕನ್ನಡ ಉಸಿರಾಡಿದ್ದೇ ಇವರೆಲ್ಲರ ಶ್ರಮದಿಂದ. ಆ ಋಣವನ್ನು ಕನ್ನಡಿಗ ಮರೆಯಬಾರದು.

ಆದರೆ ಆ ಹಳೆಯ ಫಾಂಟುಗಳಲ್ಲಿ ಅಕ್ಷರವೆಂದರೆ ತುಂಡುಗಳ ಜೋಡಣೆ, ಅಷ್ಟೇ. ‘ವಸ್ತ್ರ’ದ ಸ, ತ ಒತ್ತು, ರ ಒತ್ತು ಬೇರೆ ಬೇರೆ ತುಂಡುಗಳು. ಯೂನಿಕೋಡ್ ಹಾಗಲ್ಲ. 1991ರ ಮೊದಲ ಆವೃತ್ತಿಯಿಂದಲೇ ಅದರಲ್ಲಿ ಕನ್ನಡವಿದೆ. ಅಲ್ಲಿ ಮನೆ ಕಟ್ಟುವ ಕೆಲಸ ಫಾಂಟ್ ಮತ್ತು ಸಾಫ್ಟ್‌ವೇರಿನದು. 2001ರ ವಿಂಡೋಸ್ ಎಕ್ಸ್‌ಪಿಗೆ ಅದು ಬಂತು, 2012ರ ಕೋರೆಲ್‌ಡ್ರಾ ಎಕ್ಸ್6ಕ್ಕೆ ಬಂತು, ಅಡೋಬಿಯ ಸಾಫ್ಟ್‌ವೇರುಗಳಿಗೂ ಬಂತು. ನುಡಿ, ಬರಹಗಳಲ್ಲೂ ಯೂನಿಕೋಡ್ ಉಂಟು. ಬಾರದೇ ಉಳಿದದ್ದು ನಮ್ಮ ಅಭ್ಯಾಸಕ್ಕೆ ಮಾತ್ರ!

ಫೋಟೋಶಾಪಿನಲ್ಲಿ ‘ಕನ್ನಡ’ ಎಂದು ಹಾಕಿದರೆ ‘ಕನ್‌ನಡ’ ಎಂದು ಬರುತ್ತಿದೆಯೇ? ಪ್ಯಾರಾಗ್ರಾಫ್ ಪ್ಯಾನೆಲ್ಲಿನ ಮೆನುವಿನಲ್ಲಿ ‘ವರ್ಲ್ಡ್-ರೆಡಿ’ ಎಂಬ ಆಯ್ಕೆ ಹುಡುಕಿ. ಹಳೆಯ ಆವೃತ್ತಿಯಾದರೆ ಮೊದಲು ಪ್ರಿಫರೆನ್ಸಸ್‌ನ ಟೈಪ್ ವಿಭಾಗದಲ್ಲಿ ದಕ್ಷಿಣ ಏಷ್ಯಾದ ಭಾಷೆಗಳ ಆಯ್ಕೆ ಒತ್ತಿ. ಇಲ್ಲಸ್ಟ್ರೇಟರಿನಲ್ಲಿ ಅದೇ ಜಾಗದಲ್ಲಿ ‘ಶೋ ಇಂಡಿಕ್ ಆಪ್ಷನ್ಸ್’ ಇದೆ. ಎರಡು ನಿಮಿಷದ ಕೆಲಸ. ಈ ಎರಡು ನಿಮಿಷ ಕೊಡದ ಕಾರಣಕ್ಕೆ ಎಷ್ಟು ಬೋರ್ಡುಗಳಲ್ಲಿ ನಮ್ಮ ಭಾಷೆಯ ಹೆಸರೇ ಒಡೆದುಹೋಗಿದೆ!

ಇನ್ನೊಂದು ಸೂಕ್ಷ್ಮ. ‘ರಾಜ್‌ಕುಮಾರ್’ ಎಂದು ಹಾಕಲು ಹೋದರೆ ‘ರಾಜ್ಕುಮಾರ್’ ಎಂದು ಅಂಟಿಕೊಳ್ಳುತ್ತದೆ. ‘ಜ್’ ಮತ್ತು ‘ಕು’ ನಡುವೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಹಾಕಬೇಕು. ಅದಕ್ಕೆ ಝಡ್‌ಡಬ್ಲ್ಯುಎನ್‌ಜೆ ಎಂದು ಹೆಸರು. ಅಣ್ಣಾವ್ರ ಹೆಸರನ್ನೇ ನೆಟ್ಟಗೆ ಬರೆಯಲಾಗದ ಬ್ಯಾನರ್ ಕಟ್ಟಿ, ಅದರ ಕೆಳಗೆ ನಿಂತು ಜೈಕಾರ ಹಾಕಿದರೆ ಏನು ಬಂತು?

ಎಫೆಕ್ಟ್ ಹಾಕುವ ಮುನ್ನ

ಅಕ್ಷರಕ್ಕೆ ಅಲಂಕಾರ ಬೇಡವೆನ್ನುವ ಮಡಿವಂತರು ನಾವಲ್ಲ. ಸಿನಿಮಾ ಪೋಸ್ಟರುಗಳಲ್ಲಿ ಕೈಯಿಂದಲೇ ಬೆಂಕಿ ಹತ್ತಿದ ಅಕ್ಷರ, ಕಲ್ಲಿನ ಅಕ್ಷರ, ಬಂಗಾರದ ಅಕ್ಷರ ಬರೆದ ಕಲಾವಿದರ ನಾಡು ಇದು. ಅವರಿಗೂ ನಮಗೂ ಇರುವ ವ್ಯತ್ಯಾಸ ಒಂದೇ. ಅವರು ಅಕ್ಷರ ಕಲಿತು ಆಮೇಲೆ ಶೃಂಗಾರ ಮಾಡಿದರು. ನಾವು ಬಟನ್ ಒತ್ತುತ್ತೇವೆ.

ಔಟ್‌ಲೈನ್ ತೆಗೆದುಕೊಳ್ಳಿ. ಹಳದಿ ಅಕ್ಷರಕ್ಕೆ ದಪ್ಪ ಕೆಂಪು ಅಂಚು ನಮ್ಮ ಪ್ರತಿ ಬ್ಯಾನರಿನಲ್ಲೂ ಉಂಟು. ಅಂಚನ್ನು ಸುಮ್ಮನೆ ದಪ್ಪ ಮಾಡಿದರೆ ಅದರ ಅರ್ಧ ಭಾಗ ಅಕ್ಷರದ ಒಳಕ್ಕೇ ತಿನ್ನುತ್ತದೆ. ‘ಧ’ದ ಹೊಟ್ಟೆ ಸೀಳಿದ ಗೆರೆ ತೆಳುವಾದದ್ದು. ಮೊದಲು ಸಾಯುವುದು ಅದೇ. ‘ಠಾಣೆ’ಯ ‘ಠ’ದೊಳಗಿನ ಚುಕ್ಕೆ ಮುಚ್ಚಿಹೋದರೆ ಅದು ‘ರಾಣೆ’! ಆದ್ದರಿಂದ ಫೋಟೋಶಾಪಿನ ಸ್ಟ್ರೋಕ್‌ನಲ್ಲಿ ‘ಔಟ್‌ಸೈಡ್’ ಆಯ್ದುಕೊಳ್ಳಿ. ಕೋರೆಲ್‌ನಲ್ಲಿ ‘ಬಿಹೈಂಡ್ ಫಿಲ್’ ಗುರುತು ಹಾಕಿ. ಮೂಲೆಗಳನ್ನು ದುಂಡಗಿಡಿ, ಚೂಪು ಮೂಲೆ ನಮ್ಮ ಅಕ್ಷರಕ್ಕೆ ಮುಳ್ಳು ಹುಟ್ಟಿಸುತ್ತದೆ. ಅಕ್ಷರದೊಳಗಿನ ಅತಿ ಚಿಕ್ಕ ಖಾಲಿ ಜಾಗ ಎಷ್ಟಿದೆಯೋ ಅದರ ಅರ್ಧಕ್ಕಿಂತ ಅಂಚು ತೆಳುವಿರಲಿ. ಎರಡು ಕಡೆಯಿಂದಲೂ ಅಂಚು ಬೆಳೆಯುತ್ತದೆ ಎಂಬುದು ನೆನಪಿರಲಿ.

ಹಳೆಯ ಫಾಂಟಿನ ಅಕ್ಷರವನ್ನು ಕರ್ವ್ಸ್‌ಗೆ ಪರಿವರ್ತಿಸಿ ಅಂಚು ಕೊಟ್ಟರೆ ತುಂಡುಗಳು ಕೂಡುವ ಕಡೆಯೆಲ್ಲ ಅಡ್ಡಗೆರೆ ಮೂಡುತ್ತದೆ. ಕಾಗದದ ಮೇಲೆ ಅದು ಬರೀ ಅಸಹ್ಯ. ಎಲ್‌ಇಡಿ ಬೋರ್ಡಿಗೆ ಅಕ್ರಿಲಿಕ್ ಕತ್ತರಿಸುವ ಯಂತ್ರಕ್ಕೆ ಕೊಟ್ಟರೆ ಅನಾಹುತ. ಯಂತ್ರಕ್ಕೆ ಕನ್ನಡ ಬರುವುದಿಲ್ಲ, ಗೆರೆ ಕಂಡಲ್ಲಿ ಕತ್ತರಿಸುತ್ತದೆ. ಆದ್ದರಿಂದ ತುಂಡುಗಳನ್ನು ಮೊದಲು ಬೆಸೆಯಿರಿ. ಕೋರೆಲ್‌ನಲ್ಲಿ ‘ವೆಲ್ಡ್’, ಇಲ್ಲಸ್ಟ್ರೇಟರಿನ ಪಾತ್‌ಫೈಂಡರಿನಲ್ಲಿ ‘ಯುನೈಟ್’, ಇಂಕ್‌ಸ್ಕೇಪಿನಲ್ಲಿ ‘ಯೂನಿಯನ್’.

ಅಕ್ಷರಗಳ ನಡುವೆ ಜಾಗ ಬಿಡುವುದು ಇಂಗ್ಲಿಷಿನ ಶೋಕಿ. ಹಳೆಯ ಫಾಂಟಿನಲ್ಲಿ ಹಾಗೆ ಮಾಡಿದರೆ ಒತ್ತೂ ಕೊಂಬೂ ಮೂಲ ಅಕ್ಷರ ಬಿಟ್ಟು ವಲಸೆ ಹೋಗುತ್ತವೆ. ಯೂನಿಕೋಡ್‌ನಲ್ಲಿ ಮಾಡಿ, ಮಿತಿಯಲ್ಲಿ ಮಾಡಿ. ಎರಡು ಸಾಲುಗಳಿದ್ದರೆ ನಡುವಿನ ಅಂತರವನ್ನು ಸಾಫ್ಟ್‌ವೇರಿನ ಲೆಕ್ಕಕ್ಕೆ ಬಿಡಬೇಡಿ. ಅಡೋಬಿಯಲ್ಲಿ ಅದು ತಾನಾಗಿ ಕೊಡುವುದು ಅಕ್ಷರದ ಅಳತೆಯ ಶೇ. 120. ಇಂಗ್ಲಿಷಿಗೆ ಅದು ಸಾಕು. ಮೇಲಿನ ಸಾಲಿನಲ್ಲಿ ‘ರಾಷ್ಟ್ರೀಯ’ ಇದ್ದು ಕೆಳಗಿನ ಸಾಲಿನಲ್ಲಿ ಗುಡಿಸು ಇದ್ದರೆ ಎರಡೂ ಡಿಕ್ಕಿ ಹೊಡೆಯುತ್ತವೆ.

ನೆರಳು ಹಾಕುವಾಗಲೂ ಹೀಗೆಯೇ. ಡ್ರಾಪ್ ಶ್ಯಾಡೋ ಸಾಮಾನ್ಯವಾಗಿ ಬೀಳುವುದು ಬಲಕ್ಕೆ, ಕೆಳಕ್ಕೆ. ನಮ್ಮ ಒತ್ತಕ್ಷರ ಮನೆ ಮಾಡಿರುವುದೂ ಅಲ್ಲೇ! ಅಕ್ಷರದ ನೆರಳು ಯಾವುದು, ಒತ್ತು ಯಾವುದು ಎಂದು ದೂರದಿಂದ ತಿಳಿಯುವುದಿಲ್ಲ. ನೆರಳಿನ ದೂರ ಕಡಿಮೆ ಮಾಡಿ, ತಿಳಿಯಾಗಿಸಿ, ಇಲ್ಲವೇ ಬೆಳಕಿನ ದಿಕ್ಕನ್ನೇ ಬದಲಿಸಿ. ಬಂಗಾರದ ಗ್ರೇಡಿಯಂಟ್ ಹಾಕುವಾಗ ಹೊಳಪು ಅಕ್ಷರದ ಮೈ ಮೇಲೆ ಬರುವಂತೆ ನೋಡಿ. ಒತ್ತು ಕೆಳಗಿಳಿದಷ್ಟೂ ಪದದ ಒಟ್ಟು ಎತ್ತರ ಹೆಚ್ಚಿ, ಹೊಳಪು ಜಾರಿ ಪಾದಕ್ಕೆ ಬಂದಿರುತ್ತದೆ.

ಕಮಾನಿನಂತೆ ಬಗ್ಗಿಸುವ ಆಸೆಯೇ? ಕಮಾನಿನ ಒಳಬದಿ ಇಕ್ಕಟ್ಟು. ಒತ್ತುಗಳೆಲ್ಲ ಅಲ್ಲಿ ನೂಕುನುಗ್ಗಲು ಮಾಡುತ್ತವೆ. ಬಾಗು ಕಡಿಮೆ ಇಡಿ, ಅಕ್ಷರಗಳ ನಡುವೆ ಸ್ವಲ್ಪ ಉಸಿರಾಡಲು ಜಾಗ ಕೊಡಿ.

ಫಾಂಟ್ ಇಲ್ಲ ಎಂಬ ಸುಳ್ಳು

‘ಏನು ಮಾಡೋದು ಸಾರ್, ಕನ್ನಡದಲ್ಲಿ ಒಳ್ಳೇ ಫಾಂಟೇ ಇಲ್ಲ’ ಎಂಬ ರಾಗ ಇನ್ನೂ ನಿಂತಿಲ್ಲ. ನಿಲ್ಲಿಸಿ! ನೋಟೋ ಸಾನ್ಸ್ ಮತ್ತು ನೋಟೋ ಸೆರಿಫ್ ಕನ್ನಡ, ಬಾಲೂ ತಮ್ಮ, ಹುಬ್ಬಳ್ಳಿ, ಬೆಣ್ಣೆ, ಟಿರೊ ಕನ್ನಡ, ವೈಷ್ಣವಿ ಮೂರ್ತಿ ಮತ್ತು ಹ್ವಾನ್ ಲೂಯಿಸ್ ಬ್ಲಾಂಕೊ ರೂಪಿಸಿದ ಅಕಾಯ ಕನ್ನಡಕ. ಇವೆಲ್ಲ ಯೂನಿಕೋಡ್, ಇವೆಲ್ಲ ಉಚಿತ, ಅಂಗಡಿಯ ಬೋರ್ಡಿಗೂ ಬಳಸಬಹುದು. ಮುಂಬೈಯ ಏಕ್ ಟೈಪ್ ಸಂಸ್ಥೆಯ ‘ಅನೇಕ್ ಕನ್ನಡ’ದಲ್ಲಂತೂ ತೆಳುವಿನಿಂದ ದಪ್ಪಕ್ಕೆ, ಕಿರಿದಿನಿಂದ ಅಗಲಕ್ಕೆ ಬೇಕಾದಂತೆ ಹೊಂದಿಸಬಹುದು. ಶೇ. 60ರ ಜಾಗ ತುಂಬಬೇಕೇ? ಅಕ್ಷರವನ್ನು ಹಿಡಿದು ಎಳೆಯಬೇಡಿ. ಎಳೆದರೆ ಅಡ್ಡಗೆರೆ ಹಾಗೇ ಉಳಿದು ಲಂಬಗೆರೆ ಮಾತ್ರ ಊದಿಕೊಳ್ಳುತ್ತದೆ. ಅಗಲವಾಗಿಯೇ ಬರೆದ ಅಕ್ಷರವನ್ನು ಆರಿಸಿ. ಇಂಗ್ಲಿಷಿಗೂ ಕನ್ನಡಕ್ಕೂ ಒಂದೇ ಪಾಯಿಂಟ್ ಸೈಜ್ ಕೊಟ್ಟು ಸಮ ಆಯಿತು ಎನ್ನಬೇಡಿ. ದೂರ ನಿಂತು ಕಣ್ಣಳತೆಯಲ್ಲಿ ತೂಗಿ ನೋಡಿ.

ದುಡ್ಡಿಲ್ಲ ಎಂಬ ನೆಪವೂ ಬೇಡ. ಸ್ಪೆನ್ಸರ್ ಕಿಂಬಲ್, ಪೀಟರ್ ಮ್ಯಾಟಿಸ್ ಎಂಬ ಇಬ್ಬರು ವಿದ್ಯಾರ್ಥಿಗಳು ಬರ್ಕ್‌ಲಿಯಲ್ಲಿ ಶುರುಮಾಡಿದ ‘ಗಿಂಪ್’ 1996ರಲ್ಲಿ ಜನರ ಕೈಗೆ ಬಂತು. ಅಂದಿನಿಂದಲೂ ಅದು ಉಚಿತ. 2025ರ ಮಾರ್ಚಿನಲ್ಲಿ ಬಂದ ಗಿಂಪ್ 3ರಲ್ಲಿ ನೆರಳು ಮುಂತಾದ ಎಫೆಕ್ಟುಗಳನ್ನು ಹಾಕಿದ ಮೇಲೂ ತಿದ್ದಬಹುದು. ಗೆರೆಯ ಚಿತ್ರಕ್ಕೆ, ಬೋರ್ಡಿಗೆ, ಲೋಗೋಗೆ 2003ರಿಂದ ಇಂಕ್‌ಸ್ಕೇಪ್ ಇದೆ. ಎರಡರಲ್ಲೂ ಅಕ್ಷರ ಜೋಡಿಸುವುದು ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶ. ನಿಮ್ಮ ಆಂಡ್ರಾಯ್ಡ್ ಫೋನಿನಲ್ಲಿ ಕನ್ನಡ ಸರಿಯಾಗಿ ಕಾಣುವುದೂ ಅದರ ದಯೆಯಿಂದಲೇ. ಯಾವ ಸೆಟ್ಟಿಂಗೂ ಮುಟ್ಟದೆ ಕನ್ನಡ ನೆಟ್ಟಗೆ ಕೂರುತ್ತದೆ. ಕದ್ದ ಹಳೆಯ ಕೋರೆಲ್ ಹಿಡಿದು ಯಾಕೆ ಒದ್ದಾಡುತ್ತೀರಿ?

ಈಗ ನಿಮ್ಮ ಸರದಿ

ಬೋರ್ಡಿಗೆ ಮಸಿ ಬಳಿಯುವುದು ಒಂದು ಗಳಿಗೆಯ ಕೆಲಸ. ಬೋರ್ಡನ್ನು ಚೆನ್ನಾಗಿ ಬರೆಯುವುದು ಹತ್ತು ವರ್ಷ ನಿಲ್ಲುವ ಕೆಲಸ. ಎರಡನೆಯದಕ್ಕೆ ಜನ ಬೇಕಾಗಿದ್ದಾರೆ.

ನೀವು ಡಿಸೈನ್ ಕೆಲಸದಲ್ಲಿದ್ದರೆ ಇಂದೇ ನಿರ್ಧಾರ ಮಾಡಿ: ನನ್ನ ಕೈಯಿಂದ ಒಡೆದ ಕನ್ನಡ ಹೊರಗೆ ಹೋಗುವುದಿಲ್ಲ. ಮಾಲೀಕರು ಅವಸರ ಮಾಡಿದರೂ ಪ್ರಿಂಟಿಗೆ ಕಳಿಸುವ ಮುನ್ನ ಪ್ರತಿ ಒತ್ತು, ಪ್ರತಿ ದೀರ್ಘ ಎಣಿಸಿ. ಪರದೆಯಿಂದ ಹತ್ತು ಹೆಜ್ಜೆ ಹಿಂದೆ ಸರಿದು ಓದಿ. ನಿಮಗೇ ಓದಲಾಗದಿದ್ದರೆ ಬೈಕಿನಲ್ಲಿ ಹೋಗುವವನಿಗೆ ಏನು ಕಂಡೀತು?

ಡಿಸೈನ್ ಬಾರದವರು ಸುಮ್ಮನೆ ಕೂರಬೇಕಿಲ್ಲ. ನಿಮ್ಮ ಬೀದಿಯ ತಪ್ಪು ಬೋರ್ಡಿನ ಫೋಟೋ ತೆಗೆಯಿರಿ. ಮಾಲೀಕರ ಬಳಿ ಹೋಗಿ, ಜಗಳವಾಡದೆ, ಸರಿಯಾದ ಕನ್ನಡವನ್ನು ಬರೆದು ಕೈಗೆ ಕೊಡಿ. ಕನ್ನಡವನ್ನು ಒಡೆದು ತೋರಿಸುವ ಆ್ಯಪ್ ಕಂಡರೆ ಆ ಕಂಪನಿಗೆ ದೂರು ಬರೆಯಿರಿ. ನೂರು ಜನ ಬರೆದರೆ ಯಾವ ಕಂಪನಿಯೂ ಕಿವಿ ಮುಚ್ಚಿ ಕೂರಲಾರದು. ನಾವು ದುಡ್ಡು ಕೊಡುವ ಗಿರಾಕಿಗಳು, ಭಿಕ್ಷುಕರಲ್ಲ.

ಜೈಲಿಗೆ ಹೋದವರು ನಮಗೆ ಬೋರ್ಡಿನ ಮೇಲ್ಭಾಗ ಗೆದ್ದುಕೊಟ್ಟರು. ಅಲ್ಲಿ ಕೈಕಾಲು ಮುರಿದ ಅಕ್ಷರ ಕೂರಿಸಿದರೆ ಅವರಿಗೆ ಮಾಡುವ ಅವಮಾನ ಅದು. ಮೌಸ್ ಹಿಡಿದ ಕನ್ನಡದ ಮಕ್ಕಳೇ, ಒತ್ತಿಗೆ ಒತ್ತು ಕೊಡಿ!